ಸೈಕಲ್ ಪಥ ಕಡಿಯುವ ಜಾಗಗಳು: ಬೆಂಗಳೂರಿನ ಬಡಾವಣೆಗಳಿಗೊಂದು ಮಾರ್ಗದರ್ಶಿ

ಬೆಂಗಳೂರಿನಲ್ಲಿ ಸೈಕಲ್ ಪಥಗಳೇ ಇಲ್ಲವೆಂಬ ದೂರು ಪೂರ್ತಿ ಸರಿಯಲ್ಲ. ಪಥಗಳು ಅಲ್ಲಲ್ಲಿ ಇವೆ. ಆದರೆ ಮನೆಯಿಂದ ಹೊರಟ ಸವಾರನು ಅವುಗಳ ಮೇಲೆ ನೂರಿನ್ನೂರು ಮೀಟರ್ ಸಾಗುವಷ್ಟರಲ್ಲಿ ನಿಲ್ಲಿಸಿದ ಕಾರೋ, ಟ್ರಾನ್ಸ್‌ಫಾರ್ಮರ್ ಕಟ್ಟೆಯೋ, ಬಸ್ ತಂಗುದಾಣವೋ, ಕೇಬಲ್ಲಿಗಾಗಿ ಅಗೆದು ಅರ್ಧ ಮುಚ್ಚಿದ ಕಾಲುವೆಯೋ ಎದುರಾಗುತ್ತದೆ, ಆತ ವೇಗದ ವಾಹನಗಳ ನಡುವೆ ಥಟ್ಟನೆ ಇಳಿಯಬೇಕಾಗುತ್ತದೆ. ಪಥವೇ ಇಲ್ಲದ ರಸ್ತೆಯಲ್ಲಿ ವಾಹನ ಚಾಲಕರಿಗೆ ಸೈಕಲ್ ಮೊದಲಿನಿಂದಲೂ ಕಣ್ಣಿಗೆ ಬೀಳುತ್ತಿರುತ್ತದೆ. ಕಡಿದ ಪಥದಲ್ಲಾದರೋ ಅದು ಮರೆಯಿಂದ ಎದ್ದು ಬಂದಂತೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಒಂದು ಬಡಾವಣೆಯ ಪಥವನ್ನು ಸುಧಾರಿಸಲು ಹೊರಟವರು ಅದರ ಒಟ್ಟು ಉದ್ದಕ್ಕಿಂತ ಅದು ಕಡಿಯುವ ಜಾಗಗಳನ್ನು ಮೊದಲು ನೋಡಬೇಕು. ಅಂಥ ಜಾಗಗಳನ್ನು ಗುರುತಿಸುವ, ಅಳೆಯುವ, ಸಂಬಂಧಪಟ್ಟ ಕಚೇರಿಯಿಂದ ಸರಿಪಡಿಸಿಕೊಳ್ಳುವ ಹಾಗೂ ಅಲ್ಲಿಯವರೆಗೆ ಎಚ್ಚರದಿಂದ ಸವಾರಿ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಬಹುದು. ರಸ್ತೆಯ ಜಾಗವನ್ನು ವಾಹನಗಳಿಗಲ್ಲ, ಜನರಿಗೆ ಹಂಚಬೇಕೆಂಬ ತತ್ತ್ವವನ್ನು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯು ಒಪ್ಪಿಕೊಂಡಿತು. ಕರ್ನಾಟಕದಲ್ಲಿ ಈ ಕೆಲಸಕ್ಕೆಂದು 2007ರಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ರೂಪುಗೊಂಡಿತು. ಜಯನಗರದ ಬೀದಿಗಳಲ್ಲಿ ಮುಂದೆ ಗುರುತಿಸಲಾದ ಪಥಗಳ ಮೇಲೆ ಕಾರುಗಳು ನಿಂತವು. 2013ರಲ್ಲಿ ಕಬ್ಬನ್ ಉದ್ಯಾನದಲ್ಲಿ ಮೊದಲಾದ ‘ಸೈಕಲ್ ದಿನ’ ಬಡಾವಣೆಗಳಿಗೂ ಹರಡಿತು. ಮೈಸೂರಿನಲ್ಲಿ 2017ರ ಜೂನ್ ತಿಂಗಳಲ್ಲಿ 450 ಸೈಕಲ್‌ಗಳೊಂದಿಗೆ ‘ಟ್ರಿಣ್ ಟ್ರಿಣ್’ ಎಂಬ ಬಾಡಿಗೆ ಸೈಕಲ್ ವ್ಯವಸ್ಥೆ ಆರಂಭವಾಯಿತು. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸೆಂಟ್ರಲ್ ಸಿಲ್ಕ್ ಬೋರ್ಡ್‌ನಿಂದ ಲೌರಿ ಜಂಕ್ಷನ್‌ವರೆಗೆ ಸುಮಾರು 17 ಕಿ.ಮೀ. ಉದ್ದಕ್ಕೆ ಬೊಲ್ಲಾರ್ಡ್, ಅಂದರೆ ವಾಹನ ತಡೆಯುವ ಗಿಡ್ಡ ಕಂಬಗಳನ್ನು ನೆಟ್ಟು ತಾತ್ಕಾಲಿಕ ಪಥವನ್ನು ರೂಪಿಸಲಾಯಿತು. ಅದೇ ರಸ್ತೆಯ ಮೆಟ್ರೊ ಕಾಮಗಾರಿಯ ನಡುವೆ ಅದು ತುಂಡುತುಂಡಾಯಿತು. ಈ ಇತಿಹಾಸದಲ್ಲಿ ಹೊಸ ಪಥಗಳ ಆರಂಭಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅವುಗಳ ಪಾಲನೆಗೆ.

ಪಥ ಏಕೆ ಬೇಕು, ಎಲ್ಲಿ ಬೇಡ

ಸೈಕಲ್ ಸವಾರನ ಅಪಾಯಕ್ಕೆ ಮುಖ್ಯ ಕಾರಣ ವಾಹನಗಳ ಸಂಖ್ಯೆಯಲ್ಲ, ವೇಗಗಳ ನಡುವಿನ ಅಂತರ. ಸಾಮಾನ್ಯ ಸವಾರನು ಗಂಟೆಗೆ 12ರಿಂದ 18 ಕಿ.ಮೀ. ವೇಗದಲ್ಲಿ ಸಾಗುತ್ತಾನೆ. ಪಕ್ಕದ ಕಾರು 25 ಕಿ.ಮೀ. ವೇಗದಲ್ಲಿದ್ದರೆ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಿ ಹೊಂದಿಕೊಳ್ಳಲು ಸಮಯವಿರುತ್ತದೆ. ಅದೇ ಕಾರು 50 ಕಿ.ಮೀ. ವೇಗದಲ್ಲಿದ್ದರೆ ಇರುವುದಿಲ್ಲ. ಚಾಲಕನು ಅಪಾಯವನ್ನು ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡು ಕಳೆಯುತ್ತದೆಂದು ಇಟ್ಟುಕೊಂಡರೆ, ಒಣ ಡಾಂಬರಿನ ಮೇಲೆ 30 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 13 ಮೀಟರ್ ಸಾಕಾಗುತ್ತದೆ, 50 ಕಿ.ಮೀ. ವೇಗದ ಕಾರಿಗೆ ಸುಮಾರು 28 ಮೀಟರ್ ಬೇಕಾಗುತ್ತದೆ. ಡಿಕ್ಕಿಯ ಪೆಟ್ಟು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ಅಂಕಿಅಂಶದ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಮಡಿದ 1,68,491 ಮಂದಿಯಲ್ಲಿ 4,800ಕ್ಕೂ ಹೆಚ್ಚು ಮಂದಿ ಸೈಕಲ್ ಸವಾರರು.

ಇದರಿಂದ ಒಂದು ಸರಳ ನಿಯಮ ಹೊರಡುತ್ತದೆ. ವಾಹನಗಳು 30 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಓಡುವ ಕ್ರಾಸ್ ರಸ್ತೆಗಳಲ್ಲಿ ಪ್ರತ್ಯೇಕ ಪಥ ಬೇಕಿಲ್ಲ. ಅಲ್ಲಿ ವೇಗವನ್ನು ಕೆಳಗೇ ಇರಿಸುವ ವಿನ್ಯಾಸ ಸಾಕು. ವಾಹನಗಳು 50 ಕಿ.ಮೀ. ಮೀರುವ ಮೇನ್ ರಸ್ತೆ, ವರ್ತುಲ ರಸ್ತೆಗಳಲ್ಲಿ ಬಣ್ಣದ ಗೆರೆಯಿಂದ ಪ್ರಯೋಜನವಿಲ್ಲ. ಅಲ್ಲಿ ಎತ್ತರದಿಂದಲೋ ಕಲ್ಲಿನ ಅಂಚಿನಿಂದಲೋ ಬೇರ್ಪಡಿಸಿದ ಪಥವೇ ಬೇಕು. ಬಹಳಷ್ಟು ಬಡಾವಣೆಗಳ ಬೇಡಿಕೆಗಳು ಈ ಎರಡನ್ನೂ ಗೊಂದಲಿಸುತ್ತವೆ: ಏಳೆಂಟು ಮೀಟರ್ ಅಗಲದ ಕ್ರಾಸ್‌ನಲ್ಲಿ ಪಥ ಕೇಳಿ ಮನೆಯೆದುರು ಕಾರು ನಿಲ್ಲಿಸುವವರ ವಿರೋಧ ಕಟ್ಟಿಕೊಳ್ಳುತ್ತವೆ, ನಿಜವಾದ ಅಪಾಯವಿರುವ ಮೇನ್ ರಸ್ತೆಯನ್ನು ಬಿಟ್ಟುಬಿಡುತ್ತವೆ.

ಸಮೀಕ್ಷೆಯ ಕ್ರಮ

1. ರಸ್ತೆಯನ್ನಲ್ಲ, ಪ್ರಯಾಣವನ್ನು ಆಯ್ದುಕೊಳ್ಳಬೇಕು. ಬಡಾವಣೆಯ ನಡುವಿನಿಂದ ಶಾಲೆಗೆ, ಮೆಟ್ರೊ ನಿಲ್ದಾಣಕ್ಕೆ ಅಥವಾ ಸಂತೆಗೆ ಜನ ನಿಜವಾಗಿ ಹೋಗುವ, ಮೂರು ಕಿ.ಮೀ. ಮೀರದ ಒಂದು ದಾರಿ ಸಾಕು. ಇಡೀ ವಾರ್ಡಿನ ನಕ್ಷೆ ಬಿಡಿಸಲು ಹೊರಟ ಗುಂಪುಗಳು ನಕ್ಷೆ ಮುಗಿಯುವ ಮುನ್ನವೇ ಚದುರುತ್ತವೆ.

2. ಒಂದೇ ದಾರಿಯನ್ನು ಮೂರು ಹೊತ್ತಿನಲ್ಲಿ ನೋಡಬೇಕು. ಬೆಳಗ್ಗೆ ಶಾಲೆಯ ಹೊತ್ತಿನಲ್ಲಿ ವಾಹನಗಳ ತಿರುವು, ಸಂಜೆ ಏಳರ ನಂತರ ದೀಪ ಮತ್ತು ನಿಲುಗಡೆಯ ಸ್ಥಿತಿ, ಒಂದು ಒಳ್ಳೆಯ ಮಳೆಯ ಮರುಗಂಟೆಯಲ್ಲಿ ನೀರು ನಿಲ್ಲುವ ಜಾಗ ಗೊತ್ತಾಗುತ್ತದೆ. ಭಾನುವಾರ ಬೆಳಗಿನ ಸಮೀಕ್ಷೆ ಹಿತವಾದದ್ದು, ಆದರೆ ಅದರಿಂದ ತಿಳಿಯುವುದು ಬಹಳ ಕಡಿಮೆ.

3. ಸ್ಥಳವನ್ನು ವಿದ್ಯುತ್ ಕಂಬದ ಸಂಖ್ಯೆಯಿಂದ ದಾಖಲಿಸಬೇಕು. ‘ಬೇಕರಿಯ ಎದುರು’ ಎಂಬ ಗುರುತು ಬೇಕರಿ ಮುಚ್ಚಿದ ದಿನ ಅಳಿಯುತ್ತದೆ. ಕಂಬದ ಮೇಲಿನ ಸಂಖ್ಯೆ ಎಂಜಿನಿಯರ್, ಲೈನ್‌ಮನ್, ಸಂಚಾರ ಪೊಲೀಸ್ ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆ. ಎರಡು ಕಂಬಗಳ ನಡುವಿನ ಅಂತರವನ್ನು ಒಂದು ತುಂಡೆಂದು ಎಣಿಸಿದರೆ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

4. ಪ್ರತಿ ತುಂಡಿನಲ್ಲೂ ‘ತೆರಪಿನ ಅಗಲ’ವನ್ನು ಅಳೆಯಬೇಕು. ತೆರಪಿನ ಅಗಲವೆಂದರೆ ಪಥದ ಒಟ್ಟು ಅಗಲವಲ್ಲ. ಅಂಚಿನ ಕಲ್ಲು, ಚರಂಡಿಯ ಜಾಲರಿ, ಕಂಬ, ಮರದ ಬೇರು, ವಾಲಿದ ಫಲಕ ಇವನ್ನೆಲ್ಲ ಕಳೆದ ಮೇಲೆ ಚಕ್ರ ಓಡಲು ಉಳಿಯುವ ಜಾಗ. ಕಾಗದದ ಮೇಲೆ ಎರಡು ಮೀಟರ್ ಇರುವ ಪಥ ಇಂಥ ಅಳತೆಯಲ್ಲಿ ಒಂದು ಮೀಟರಿಗೆ ಇಳಿಯುವುದುಂಟು. ಅಳೆಯುವ ಟೇಪು ಫೋಟೋದಲ್ಲಿ ಸ್ಪಷ್ಟವಾಗಿ ಕಾಣುವಂತೆ ಚಿತ್ರ ತೆಗೆದರೆ ಮುಂದೆ ಅಳತೆಯ ಬಗ್ಗೆ ವಾದ ಹುಟ್ಟುವುದಿಲ್ಲ. ಅಗಲದ ಜೊತೆಗೆ ತಲೆಯ ಮಟ್ಟವನ್ನೂ ನೋಡಬೇಕು: ಮರದಿಂದ ಮರಕ್ಕೆ ಜೋತುಬಿದ್ದ ಒಎಫ್‌ಸಿ ಕೇಬಲ್, ಅಂದರೆ ಇಂಟರ್‌ನೆಟ್ ಒಯ್ಯುವ ಕಪ್ಪು ತಂತಿಯ ಸುರುಳಿ, ಈ ನಗರದ ಸೈಕಲ್ ಸವಾರನಿಗೆ ಗುಂಡಿಯಷ್ಟೇ ಅಪಾಯಕಾರಿ, ಕತ್ತಲಲ್ಲಂತೂ ಅದು ಕಾಣುವುದೇ ಇಲ್ಲ.

5. ಸವಾರರನ್ನು ಎಣಿಸಬೇಕು. ಎರಡೂ ದಿಕ್ಕಿಗೆ ತಲಾ ಹದಿನೈದು ನಿಮಿಷ, ಪಥದ ಮೇಲೆ ಹೋದವರು ಎಷ್ಟು, ಪಥ ಬಿಟ್ಟು ರಸ್ತೆಯಲ್ಲಿ ಹೋದವರು ಎಷ್ಟು ಎಂದು ಬೇರೆಬೇರೆಯಾಗಿ ಬರೆದುಕೊಳ್ಳಬೇಕು. ಎರಡನೆಯ ಅಂಕಿಯೇ ಹೆಚ್ಚು ಬೆಲೆಯುಳ್ಳದ್ದು, ಏಕೆಂದರೆ ಪಥವಿದ್ದೂ ಅದನ್ನು ಬಿಟ್ಟವರ ಸಂಖ್ಯೆ ಪಥದ ದೋಷವನ್ನೇ ಹೇಳುತ್ತದೆ. ಎಣಿಕೆಯನ್ನು ಬೆಳಗ್ಗೆ ಆರಕ್ಕೂ ರಾತ್ರಿ ಎಂಟು ಒಂಬತ್ತಕ್ಕೂ ನಡೆಸುವುದು ಅವಶ್ಯ: ಪತ್ರಿಕೆ ಹಾಕುವ ಹುಡುಗರು, ಹಾಲಿನವರು, ಪಾಳಿ ಮುಗಿಸಿದ ಸೆಕ್ಯುರಿಟಿ ಗಾರ್ಡ್‌ಗಳು, ಕಟ್ಟಡ ಕಾರ್ಮಿಕರು ಆ ಹೊತ್ತಿನಲ್ಲಿ ಸೈಕಲ್ ಮೇಲಿರುತ್ತಾರೆ. ಗೇರಿನ ಸೈಕಲ್, ಬಿಗಿಯುಡುಪಿನ ಸವಾರರನ್ನಷ್ಟೇ ಮಾತಾಡಿಸಿ ಮಾಡಿದ ಸಮೀಕ್ಷೆಗಳು ನಗರದ ನಿಜವಾದ ಸೈಕಲ್ ಸವಾರನನ್ನು ಕಾಣದೇ ಹೋಗಿವೆ. ಕ್ಯಾರಿಯರ್‌ನಲ್ಲಿ ಊಟದ ಡಬ್ಬಿ ಕಟ್ಟಿಕೊಂಡು ಹೋಗುವಾತ ಯಾವ ಸಭೆಗೂ ಬರುವುದಿಲ್ಲ.

6. ದೋಷಗಳನ್ನು ಮೂರು ಗುಂಪು ಮಾಡಬೇಕು. ಸವಾರನನ್ನು ವೇಗದ ವಾಹನಗಳ ನಡುವೆ ತಳ್ಳುವ ದೋಷ ಮೊದಲನೆಯದು. ಸವಾರನನ್ನು ಬೀಳಿಸುವ ದೋಷ ಎರಡನೆಯದು. ಬರಿಯ ಕಿರಿಕಿರಿಯ ದೋಷ ಮೂರನೆಯದು. ಮಾಸಿದ ಬಣ್ಣ ಮೂರನೆಯ ಗುಂಪಿಗೆ ಸೇರುತ್ತದೆ, ಆದರೆ ಅರ್ಜಿಗಳಲ್ಲಿ ಅದೇ ಮೊದಲ ಸಾಲಿನಲ್ಲಿರುವುದು ವಾಡಿಕೆ.

ಏನನ್ನು ಕೇಳಬೇಕು

ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆಯು ದೇಶದ ರಸ್ತೆಗಳ ವಿನ್ಯಾಸ ಸಂಹಿತೆಗಳನ್ನು ಪ್ರಕಟಿಸುತ್ತದೆ; ಸೈಕಲ್ ಪಥಕ್ಕೆ ಸಂಬಂಧಿಸಿದ ಸಂಹಿತೆ ಐಆರ್‌ಸಿ 11, ಇದರ ಪರಿಷ್ಕೃತ ರೂಪ 2015ರದು. ಅರ್ಜಿಯಲ್ಲಿ ಇದರ ಉಲ್ಲೇಖವಿದ್ದರೆ ಬೇಡಿಕೆಯು ಅಭಿರುಚಿಯ ಮಾತಾಗಿ ಉಳಿಯದೆ ಮಾನದಂಡದ ಮಾತಾಗುತ್ತದೆ. ನಗರ ರಸ್ತೆಗಳ ವಿನ್ಯಾಸಕಾರರು ಸಾಮಾನ್ಯವಾಗಿ ಬಳಸುವ ಅಳತೆಗಳು ಹೀಗಿವೆ: ಏಕಮುಖ ಪಥಕ್ಕೆ ಕನಿಷ್ಠ 2 ಮೀಟರ್, ದ್ವಿಮುಖ ಪಥಕ್ಕೆ 3 ಮೀಟರ್ ತೆರಪು, ವಾಹನ ರಸ್ತೆಗಿಂತ 10ರಿಂದ 15 ಸೆಂ.ಮೀ. ಎತ್ತರ, ಪಕ್ಕದ ವಾಹನ ಅಥವಾ ನಿಲುಗಡೆಯ ಸಾಲಿನಿಂದ ಕನಿಷ್ಠ ಅರ್ಧ ಮೀಟರಿನ ಬಿಡುವು. ಈ ಬಿಡುವು ಅಲಂಕಾರಕ್ಕಲ್ಲ. ನಿಂತ ಕಾರಿನ ಬಾಗಿಲು ಪೂರ್ತಿ ತೆರೆದಾಗ ಸುಮಾರು ಒಂದು ಮೀಟರ್ ಹೊರಚಾಚುತ್ತದೆ. ಬಿಡುವಿಲ್ಲದಿದ್ದರೆ ಆ ಬಾಗಿಲು ನೇರವಾಗಿ ಸವಾರನ ಹ್ಯಾಂಡಲ್ಲಿಗೆ ಬಡಿಯುತ್ತದೆ.

ಮನೆ, ಅಂಗಡಿ, ಅಪಾರ್ಟ್‌ಮೆಂಟ್‌ಗಳ ಗೇಟಿನ ಮುಂದೆ ಪಥವನ್ನು ಕೆಳಗಿಳಿಸಿ ಮತ್ತೆ ಮೇಲೇರಿಸುವ ಪದ್ಧತಿ ನಮ್ಮಲ್ಲಿ ಬೇರೂರಿದೆ. ನೂರು ಮೀಟರಿನಲ್ಲಿ ಹತ್ತು ಗೇಟುಗಳಿದ್ದರೆ ಸವಾರನು ಹತ್ತು ಬಾರಿ ಇಳಿದು ಹತ್ತು ಬಾರಿ ಏರಬೇಕು; ಅಂಥ ಪಥವನ್ನು ಯಾರೂ ಬಳಸದಿರುವುದು ಸಹಜವೇ. ಸರಿಯಾದ ಕ್ರಮ ಇದಕ್ಕೆ ತಿರುಗುಮುರುಗಾದದ್ದು: ಪಥ ಮತ್ತು ಫುಟ್‌ಪಾತ್ ಒಂದೇ ಮಟ್ಟದಲ್ಲಿ ಸಾಗಬೇಕು, ಗೇಟಿಗೆ ಹೋಗುವ ಕಾರು ಚಿಕ್ಕ ಇಳಿಜಾರಿನ ಮೂಲಕ ಏರಿ ದಾಟಬೇಕು. ಏರಲು ಕಾರು ನಿಧಾನಿಸಲೇಬೇಕಾಗುವುದರಿಂದ ಸುರಕ್ಷತೆಯೂ ಅದರಲ್ಲೇ ಒದಗುತ್ತದೆ. ಕ್ರಾಸ್ ರಸ್ತೆಗಳು ಕೂಡುವಲ್ಲಿಯೂ ಇದೇ ತತ್ತ್ವ: ಪಥದ ಮಟ್ಟವನ್ನು ಉಳಿಸಿಕೊಂಡು ಕ್ರಾಸ್‌ನ ಬಾಯನ್ನು ಮೇಲೆತ್ತಬೇಕು, ಮೂಲೆಯ ಬಾಗನ್ನು ಚಿಕ್ಕದಾಗಿಸಿ ವಾಹನ ಬಿರುಸಾಗಿ ತಿರುಗದಂತೆ ಮಾಡಬೇಕು.

ಬಸ್ ನಿಲ್ದಾಣದ ಸಮಸ್ಯೆ ಇನ್ನೂ ಜಟಿಲವಾದದ್ದು. ತಂಗುದಾಣವನ್ನು ಪಥದ ಮೇಲೆಯೇ ಕಟ್ಟಿದರೆ ಸವಾರನು ಬಸ್ಸಿನ ಬಲಬದಿಗೆ ಹೋಗಬೇಕಾಗುತ್ತದೆ, ಬಸ್ಸು ಹೊರಡುವ ಕ್ಷಣವೂ ಅದೇ ಆಗಿರುತ್ತದೆ. ತಂಗುದಾಣದ ಹಿಂಬದಿಯಿಂದ ಪಥವನ್ನು ಸುತ್ತಿಸಿ, ಪ್ರಯಾಣಿಕರು ಪಥ ದಾಟುವ ಜಾಗವನ್ನು ಪಟ್ಟೆ ಎಳೆದು ತೋರಿಸುವುದೇ ಉತ್ತಮ ಪರಿಹಾರ. ಅದಕ್ಕೆ ಜಾಗವಿಲ್ಲದ ಕಡೆ ಇಪ್ಪತ್ತು ಮೂವತ್ತು ಮೀಟರ್ ಮೊದಲೇ ಪಥವನ್ನು ಇಳಿಜಾರಾಗಿ ರಸ್ತೆಗೆ ಸೇರಿಸಿ, ಸವಾರನು ಬಸ್ಸಿನ ಹಿಂದೆ ಸಾಲಿನಲ್ಲಿ ನಿಲ್ಲುವಂತೆ ಮಾಡುವುದು ಥಟ್ಟನೆ ಕಡಿಯುವುದಕ್ಕಿಂತ ಮೇಲು.

ಬೊಲ್ಲಾರ್ಡ್‌ಗಳ ಬಗ್ಗೆ ಜನರ ನಿರೀಕ್ಷೆಯೇ ತಪ್ಪಾಗಿದೆ. ಎರಡು ಕಂಬಗಳ ನಡುವೆ 1.2 ಮೀಟರ್ ತೆರಪು ಬಿಟ್ಟರೆ ಕಾರು ನುಗ್ಗಲಾರದು, 1.3 ಮೀಟರ್ ಅಗಲದ ಆಟೊ ಸಹ ನುಗ್ಗಲಾರದು. ಆದರೆ ಸ್ಕೂಟರ್ ನುಗ್ಗುತ್ತದೆ. ಸ್ಕೂಟರನ್ನು ತಡೆಯುವಷ್ಟು ತೆರಪನ್ನು ಕಿರಿದು ಮಾಡಿದರೆ ಎಳನೀರಿನ ಸೈಕಲ್, ಮೂರು ಚಕ್ರದ ಸಾಮಾನು ಗಾಡಿ, ಅಂಗವಿಕಲರ ಟ್ರೈಸೈಕಲ್ ಇವೆಲ್ಲ ಹೊರಗುಳಿಯುತ್ತವೆ. ಸೈಕಲ್ಲನ್ನು ಬಿಟ್ಟು ಸ್ಕೂಟರನ್ನು ತಡೆಯುವ ಕಂಬವನ್ನು ಯಾವ ಎಂಜಿನಿಯರೂ ನೆಡಲಾರ. ಆ ಕೆಲಸ ಸಂಚಾರ ಪೊಲೀಸರದೇ. ಸೈಕಲ್ಲಿಗೆ ಮೀಸಲಾದ ಪಥದ ಮೇಲೆ ಮೋಟಾರು ವಾಹನ ಓಡಿಸಬಾರದೆಂಬುದು ಕೇಂದ್ರದ ಚಾಲನಾ ನಿಯಮಗಳಲ್ಲಿಯೇ ಇದೆ.

ಕಡಿಮೆ ಖರ್ಚಿನ ಆದರೆ ದೊಡ್ಡ ಫಲದ ದುರಸ್ತಿ ಚರಂಡಿಯ ಕಬ್ಬಿಣದ ಜಾಲರಿಗೆ ಸಂಬಂಧಿಸಿದ್ದು. ಜಾಲರಿಯ ಪಟ್ಟಿಗಳು ಸವಾರಿಯ ದಿಕ್ಕಿಗೆ ಸಮಾನಾಂತರವಾಗಿದ್ದರೆ ಸಣ್ಣ ಟೈರು ಅವುಗಳ ಸಂದಿಗೆ ಇಳಿದು ಸವಾರನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಎಸೆಯಲ್ಪಡುತ್ತಾನೆ; ಅಡ್ಡಲಾಗಿ ಇಟ್ಟರೆ ಏನೂ ಆಗುವುದಿಲ್ಲ. ಚೌಕ ಜಾಲರಿಯಾದರೆ ಅದನ್ನು ಎತ್ತಿ ತಿರುಗಿಸಿ ಇಡುವಷ್ಟೇ ಕೆಲಸ. ವೈಟ್ ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟು ಹಾಸಿದ ರಸ್ತೆಗಳಲ್ಲಿ ಕಾಂಕ್ರೀಟಿನ ಅಂಚು ಮತ್ತು ಪಕ್ಕದ ನೆಲದ ನಡುವೆ ಉಳಿಯುವ ಮೆಟ್ಟಿಲು, ಸುತ್ತಲಿನ ಮಟ್ಟಕ್ಕಿಂತ ತಗ್ಗಿದ ಅಥವಾ ಎದ್ದ ಮ್ಯಾನ್‌ಹೋಲ್ ಮುಚ್ಚಳ ಇವೂ ಇದೇ ಜಾತಿಯ ದೋಷಗಳು.

ಯಾರನ್ನು ಕೇಳಬೇಕು

ಒಂದು ಪಥದ ನೂರು ಮೀಟರಿಗೆ ನಾಲ್ಕೈದು ಒಡೆಯರಿರುತ್ತಾರೆಂಬುದು ಈ ಕೆಲಸದ ದೊಡ್ಡ ತೊಡಕು. ರಸ್ತೆ, ಫುಟ್‌ಪಾತ್, ಬೀದಿದೀಪ ಮತ್ತು ಮಳೆನೀರಿನ ಚರಂಡಿ ಪಾಲಿಕೆಗೆ ಸೇರಿವೆ; 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳಿರುವುದರಿಂದ, ಅರ್ಜಿ ಬರೆಯುವ ಮುನ್ನ ಬಡಾವಣೆ ಯಾವ ಪಾಲಿಕೆಗೆ ಸೇರಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಒಳಚರಂಡಿಯ ಮ್ಯಾನ್‌ಹೋಲ್ ಜಲಮಂಡಳಿಯದು. ಟ್ರಾನ್ಸ್‌ಫಾರ್ಮರ್, ಫೀಡರ್ ಪೆಟ್ಟಿಗೆ ಬೆಸ್ಕಾಂನದು. ಸಿಗ್ನಲ್ ಮತ್ತು ನಿಲುಗಡೆಯ ನಿಯಂತ್ರಣ ಸಂಚಾರ ಪೊಲೀಸರದು. ಮೆಟ್ರೊ ಕಾಮಗಾರಿಯ ತಡೆಬೇಲಿಯೊಳಗಿನ ಜಾಗಕ್ಕೆ ಮೆಟ್ರೊ ನಿಗಮ ಉತ್ತರಿಸಬೇಕು. ಹೊಸೂರು ರಸ್ತೆ, ತುಮಕೂರು ರಸ್ತೆಗಳಂಥ ಕಡೆ ಹೆದ್ದಾರಿ ಪ್ರಾಧಿಕಾರವೂ ಸೇರಿಕೊಳ್ಳುತ್ತದೆ. ಎಲ್ಲ ದೋಷಗಳನ್ನೂ ಒಂದೇ ಪತ್ರದಲ್ಲಿ ತುಂಬಿದರೆ ಪ್ರತಿ ಕಚೇರಿಯೂ ಅದನ್ನು ಮತ್ತೊಂದು ಕಚೇರಿಗೆ ರವಾನಿಸಿ ಕೈತೊಳೆದುಕೊಳ್ಳುತ್ತದೆ. ಪ್ರತಿ ಕಚೇರಿಗೂ ಅದರದೇ ಒಂದು ಪುಟ, ಆ ಪುಟದಲ್ಲಿ ಮೂರಕ್ಕೆ ಮೀರದ ಸ್ಥಳಗಳು, ಪ್ರತಿ ಸ್ಥಳಕ್ಕೂ ಕಂಬದ ಸಂಖ್ಯೆ, ಅಳತೆ, ಚಿತ್ರ ಮತ್ತು ಬೇಕಾದ ದುರಸ್ತಿಯ ಒಂದು ವಾಕ್ಯ ಇದ್ದರೆ ಸಾಕು.

1. ಮೊದಲು ದೂರನ್ನು ದಾಖಲಿಸಿ ಸಂಖ್ಯೆ ಪಡೆಯಬೇಕು. ಬೆಂಗಳೂರಿನ ಪಾಲಿಕೆ ಸಹಾಯವಾಣಿ 1533. ರಾಜ್ಯದಾದ್ಯಂತ ಸರ್ಕಾರದ ದೂರು ವ್ಯವಸ್ಥೆಯಾದ ‘ಜನಸ್ಪಂದನ’ದ ಸಂಖ್ಯೆ 1902. ದೂರಿನ ಸಂಖ್ಯೆ ಇಲ್ಲದ ಮೌಖಿಕ ಮಾತು ಕಚೇರಿಯಲ್ಲಿ ಉಳಿಯುವುದಿಲ್ಲ.

2. ವಾರ್ಡಿನ ಎಂಜಿನಿಯರ್‌ರಿಂದ ಜಂಟಿ ಪರಿಶೀಲನೆ ಕೇಳಬೇಕು. ಜಂಟಿ ಪರಿಶೀಲನೆಯೆಂದರೆ ಪಾಲಿಕೆಯ ಎಂಜಿನಿಯರ್, ಸಂಚಾರ ಪೊಲೀಸ್ ಅಧಿಕಾರಿ ಮತ್ತು ನಿವಾಸಿಗಳು ಒಂದೇ ಹೊತ್ತಿನಲ್ಲಿ ಸ್ಥಳದಲ್ಲಿ ನಿಂತು ನೋಡುವುದು. ಸಾಧ್ಯವಾದರೆ ಒಂದು ಸೈಕಲ್ಲನ್ನೂ ಅಲ್ಲಿಗೆ ತಂದಿರಬೇಕು. ನಡೆದು ನೋಡಿದವರಿಗೆ ಕಾಣದ ಮೆಟ್ಟಿಲು ಸೈಕಲ್ ತಳ್ಳಿದವರಿಗೆ ತಕ್ಷಣ ತಿಳಿಯುತ್ತದೆ.

3. ರಸ್ತೆ ಹೊಸದಾಗಿದ್ದರೆ ದೋಷ ಹೊಣೆಗಾರಿಕೆ ಅವಧಿಯನ್ನು ವಿಚಾರಿಸಬೇಕು. ಕಾಮಗಾರಿ ಮುಗಿದ ಮೇಲೆ ಒಪ್ಪಂದದಲ್ಲಿ ಬರೆದ ಅವಧಿಯವರೆಗೆ ಕಾಣಿಸಿಕೊಳ್ಳುವ ದೋಷಗಳನ್ನು ಗುತ್ತಿಗೆದಾರನು ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಆ ಅವಧಿಯೊಳಗಿನ ದೂರಿಗೆ ‘ಅನುದಾನವಿಲ್ಲ’ ಎಂಬ ಉತ್ತರ ಸಲ್ಲದು.

4. ಅವಧಿ, ಗುತ್ತಿಗೆ, ಅಳತೆಯ ವಿವರ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗಿರಬೇಕೆಂಬುದನ್ನು ಮರೆತವರ ಅರ್ಜಿಗಳು ಸುಮ್ಮನೆ ಹಿಂದಿರುಗುತ್ತವೆ. ‘ಪಥ ಏಕೆ ಕೆಟ್ಟಿದೆ’ ಎಂದು ಕೇಳಬಾರದು; ‘ಇಂಥ ಕಾಮಗಾರಿಯ ಒಪ್ಪಂದ ಮತ್ತು ಅಳತೆ ಪುಸ್ತಕದ ಪ್ರತಿ ನೀಡಬೇಕು’ ಎಂದು ಕೇಳಬೇಕು, ಏಕೆಂದರೆ ಕಾಯ್ದೆ ಒದಗಿಸುವುದು ದಾಖಲೆಯನ್ನು, ಕಾರಣವನ್ನಲ್ಲ.

ಒಂದು ಎಚ್ಚರಿಕೆ ಇಲ್ಲಿ ಅವಶ್ಯ. ಬೇಸತ್ತ ನಿವಾಸಿಗಳು ತಾವೇ ಕಾಂಕ್ರೀಟಿನ ಹಂಪ್ ಕಟ್ಟುವುದು, ಕಲ್ಲು ಅಥವಾ ಕಬ್ಬಿಣದ ಕಂಬ ನೆಡುವುದು ಉಂಟು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರದ ಮೃದುವಾದ ಉಬ್ಬಾಗಿರಬೇಕು. ಬೀದಿಯಲ್ಲಿ ಕೈಗೆ ಸಿಕ್ಕಂತೆ ಕಟ್ಟಿದ ಮೊನಚಾದ ದಿಬ್ಬಕ್ಕೆ ಕಾರಿಗಿಂತ ಮೊದಲು ಬಲಿಯಾಗುವುದು ಸೈಕಲ್ ಸವಾರನೇ, ಬಿದ್ದವನ ಗಾಯಕ್ಕೆ ಕಟ್ಟಿದವರೇ ಹೊಣೆಯಾಗಬೇಕಾಗಬಹುದು. ಪ್ರಯೋಗ ಮಾಡಲೇಬೇಕೆಂದರೆ ಪೊಲೀಸರ ಅನುಮತಿ ಪಡೆದು ಒಂದು ವಾರಾಂತ್ಯ ಪ್ಲಾಸ್ಟಿಕ್ ಕೋನ್‌ಗಳನ್ನಿಟ್ಟು ನೋಡುವುದು ಲೇಸು.

ಪಥ ಸರಿಹೋಗುವವರೆಗೆ

1. ಅಂಚಿಗೆ ಅಂಟಿಕೊಂಡು ಸವಾರಿ ಮಾಡಬಾರದು. ರಸ್ತೆಯ ಅಂಚಿನಿಂದ ಮುಕ್ಕಾಲು ಮೀಟರ್, ನಿಂತ ಕಾರುಗಳಿಂದ ಒಂದು ಮೀಟರ್ ದೂರವಿರಬೇಕು. ಅಂಚಿನಲ್ಲಿ ಜಾಲರಿ, ಮರಳು, ಗಾಜಿನ ಚೂರು ಸೇರಿಕೊಂಡಿರುತ್ತವೆ. ಅವನ್ನು ತಪ್ಪಿಸಲು ಒಮ್ಮೆಲೇ ಬಲಕ್ಕೆ ಸರಿಯುವುದಕ್ಕಿಂತ ಮೊದಲಿನಿಂದಲೇ ಕಾಣುವ ಜಾಗದಲ್ಲಿರುವುದು ಸುರಕ್ಷಿತ.

2. ಬಸ್, ನೀರಿನ ಟ್ಯಾಂಕರ್, ಕಾಂಕ್ರೀಟ್ ಲಾರಿಗಳ ಎಡಬದಿಗೆ ಹೋಗಲೇಬಾರದು. ಚಾಲಕನು ಬಲಗಡೆ ಕೂತಿರುವುದರಿಂದ ಎಡಬದಿಯ ಕೆಳಭಾಗ ಆತನಿಗೆ ಕಾಣುವುದಿಲ್ಲ. ಸಿಗ್ನಲ್ ಬಿಟ್ಟೊಡನೆ ವಾಹನ ಎಡಕ್ಕೆ ತಿರುಗಿದರೆ ಮುಂದಿನ ಚಕ್ರ ದಾಟಿದ ಜಾಗವನ್ನು ಹಿಂದಿನ ಚಕ್ರ ಕತ್ತರಿಸಿಕೊಂಡು ಬರುತ್ತದೆ. ಸೈಕಲ್ ಸವಾರನಿಗೆ ಅದರ ಹಿಂದೆ ಕಾಯುವುದೊಂದೇ ದಾರಿ.

3. ಪಥ ಕಡಿಯುವ ಜಾಗ ಮೊದಲೇ ಗೊತ್ತಿದ್ದರೆ ಅದಕ್ಕೆ ಮೂವತ್ತು ಮೀಟರ್ ಮುಂಚೆಯೇ ಹಿಂದಿರುಗಿ ನೋಡಿ, ಬಲಗೈ ಚಾಚಿ, ತೆರಪು ಸಿಕ್ಕಾಗ ರಸ್ತೆಗೆ ಸೇರಿಕೊಳ್ಳಬೇಕು. ಅಡ್ಡಿಯ ಬುಡದವರೆಗೆ ಹೋಗಿ ಇಳಿಯುವುದೇ ಅಪಘಾತದ ಮೂಲ.

4. ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಬೇಕು. ಪೆಡಲ್‌ಗೆ ಪ್ರತಿಫಲಕ ಪಟ್ಟಿ ಅಂಟಿಸಿದರೆ ಅದರ ಮೇಲುಕೆಳಗಿನ ಚಲನೆಯಿಂದಲೇ ದೂರದ ಚಾಲಕನಿಗೆ ಅದು ಸೈಕಲ್ಲೆಂದು ಗೊತ್ತಾಗುತ್ತದೆ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು. ಹಿಂದಕ್ಕೆ ಸರಿದು ಹಣೆ ತೆರೆದಿಟ್ಟ ಹೆಲ್ಮೆಟ್ ಮಕ್ಕಳ ತಲೆಯ ಮೇಲೆ ಎಲ್ಲೆಡೆ ಕಾಣುತ್ತದೆ, ಅದು ಇದ್ದೂ ಇಲ್ಲದಂತೆಯೇ.

5. ಮಳೆಯಲ್ಲಿ ರಿಮ್ ಬ್ರೇಕ್ ಹಿಡಿಯಲು ಹೆಚ್ಚು ದೂರ ಬೇಕು. ಕಬ್ಬಿಣದ ಮುಚ್ಚಳ ಮತ್ತು ಬಿಳಿಪಟ್ಟೆಯ ಮೇಲೆ ತಿರುಗಬಾರದು. ಬೇಸಿಗೆಯ ಮೊದಲ ಮಳೆಯ ಹೊತ್ತಿಗೆ ಉದುರಿದ ಹೊಂಗೆಯ ಹೂವಿನ ಹಾಸು ನೋಡಲು ಚೆಂದ, ಆದರೆ ಚಕ್ರಕ್ಕೆ ಸಾಬೂನಿನಂತೆ.

ಅಪಘಾತವಾದರೆ 112 ಅಥವಾ 108ಕ್ಕೆ ಕರೆ ಮಾಡಬೇಕು. ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ನೀಡುತ್ತದೆ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ ತೀವ್ರ ಗಾಯಕ್ಕೆ 50,000, ಮರಣಕ್ಕೆ 2 ಲಕ್ಷ ರೂಪಾಯಿ ಪರಿಹಾರವಿದೆ. ಸೈಕಲ್ಲಿಗೆ ವಿಮೆಯಿಲ್ಲವೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ. ರಸ್ತೆಯ ವಿನ್ಯಾಸ ಅಥವಾ ಪಾಲನೆಯ ದೋಷದಿಂದಲೇ ಸಾವು ಅಥವಾ ಅಂಗವೈಕಲ್ಯ ಉಂಟಾದರೆ, 2019ರಲ್ಲಿ ಸೇರಿಸಿದ 198ಎ ಕಲಂ ಪ್ರಕಾರ ಹೊಣೆಯಾದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಿಂದೆ ಸಲ್ಲಿಸಿದ ದೂರಿನ ಸಂಖ್ಯೆ ಆಗ ಸಾಕ್ಷ್ಯವಾಗಿ ನೆರವಿಗೆ ಬರುತ್ತದೆ.

ಸಾಮಾನ್ಯ ತಪ್ಪುಗಳು

ಫುಟ್‌ಪಾತನ್ನೇ ಸೈಕಲ್ಲಿಗೂ ಹಂಚುವುದು ಸುಲಭವಾದ ಪರಿಹಾರವೆಂದು ಸಭೆಗಳಲ್ಲಿ ಸೂಚಿಸಲಾಗುತ್ತದೆ. ವೃದ್ಧರಿಗೂ ದೃಷ್ಟಿಹೀನರಿಗೂ ಸದ್ದಿಲ್ಲದೆ ಹಿಂದಿನಿಂದ ಬರುವ ಸೈಕಲ್ ಭಯದ ವಸ್ತುವೇ ಆಗುತ್ತದೆ. ಇಬ್ಬರು ದುರ್ಬಲರಿಗೆ ಒಂದೇ ಜಾಗ ಕೊಟ್ಟು ಕಾರಿನ ಜಾಗವನ್ನು ಮುಟ್ಟದೆ ಬಿಡುವುದು ಸುಧಾರಣೆ ಎನಿಸಿಕೊಳ್ಳದು.

ಬೀದಿ ವ್ಯಾಪಾರಿಗಳನ್ನು ಎಬ್ಬಿಸಿದರೆ ಪಥ ಬಿಡುವಾಗುತ್ತದೆಂಬ ನಂಬಿಕೆ ಇನ್ನೊಂದು. ತಳ್ಳುಗಾಡಿ ಹೋದ ಜಾಗಕ್ಕೆ ಮರುದಿನ ಕಾರು ಬರುವುದು ಬೆಂಗಳೂರಿನಲ್ಲಿ ಹೊಸತಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಜಾಗ ಗುರುತಿಸುವುದರಲ್ಲಿ ಪಟ್ಟಣ ವ್ಯಾಪಾರ ಸಮಿತಿಯ ಶಿಫಾರಸಿಗೆ ಸ್ಥಾನವಿದೆ. ಪಥ ಮತ್ತು ಫುಟ್‌ಪಾತಿನ ನಡುವಿನ ಮರಗಳ ಸಾಲಿನಲ್ಲಿ ಅವರಿಗೆ ಎಡೆ ಮಾಡಿಕೊಟ್ಟರೆ ಸಂಜೆಯ ಹೊತ್ತು ಪಥದ ಮೇಲೆ ಬೆಳಕೂ ಜನರ ಕಣ್ಣೂ ಇರುತ್ತದೆ.

ಕಡಿದ ಪಥದಲ್ಲಿ ಸವಾರರು ಕಡಿಮೆಯಿದ್ದಾರೆಂದು ತೋರಿಸಿ ಬೇಡಿಕೆಯೇ ಇಲ್ಲವೆನ್ನುವುದು ಕಚೇರಿಗಳ ತಪ್ಪು. ಮೊದಲ ತಿಂಗಳಲ್ಲೇ ನೂರಾರು ಸವಾರರು ಬರುವರೆಂದು ಭರವಸೆ ಕೊಡುವುದು ಸುಧಾರಕರ ತಪ್ಪು. ಜಾಲ ಪೂರ್ಣಗೊಳ್ಳದೆ ಸವಾರರು ಬಾರರು. ರಾಜ್ಯದಲ್ಲಿ 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿದ ಯೋಜನೆ ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಪ್ರೌಢಶಾಲೆಗೆ ತಲುಪಿಸಿತು. ಅಲ್ಲಿನ ರಸ್ತೆಗಳಲ್ಲಿ ಪಥವಿರಲಿಲ್ಲ, ವಾಹನಗಳ ವೇಗ ಮತ್ತು ಸಂಖ್ಯೆ ಕಡಿಮೆಯಿತ್ತು. ನಗರದಲ್ಲಿ ಮಗುವೊಂದು ಶಾಲೆಗೆ ಸೈಕಲ್ಲಿನಲ್ಲಿ ಹೋಗಬೇಕೆಂದರೆ ದಾರಿಯ ಅತ್ಯಂತ ಕೆಟ್ಟ ಜಂಕ್ಷನ್ನಿಗೆ ತಂದೆತಾಯಿ ಒಪ್ಪಬೇಕು. ಉಳಿದ ಎರಡೂವರೆ ಕಿ.ಮೀ. ಎಷ್ಟೇ ಚೆನ್ನಾಗಿದ್ದರೂ ಅವರು ತೀರ್ಮಾನಿಸುವುದು ಆ ಒಂದು ಜಂಕ್ಷನ್ನನ್ನು ನೋಡಿಯೇ.

ರಸ್ತೆಯ ಒಂದೇ ಬದಿಯಲ್ಲಿ ದ್ವಿಮುಖ ಪಥ ಕೇಳುವುದು ಅಗ್ಗದ ದಾರಿಯೆನಿಸಿದರೂ ಗೇಟುಗಳಿಂದ ಹೊರಬರುವ ಚಾಲಕರು ಬಲಕ್ಕೆ ಮಾತ್ರ ನೋಡುವ ಅಭ್ಯಾಸದವರು, ಎಡದಿಂದ ಬರುವ ಸೈಕಲ್ ಅವರ ಲೆಕ್ಕದಲ್ಲಿರುವುದಿಲ್ಲ. ಕೆರೆಯಂಚು, ರೈಲುಹಳಿಯ ಪಕ್ಕ, ಉದ್ಯಾನದ ಗೋಡೆಯಂಥ ಗೇಟುಗಳಿಲ್ಲದ ಕಡೆಗಳಿಗೆ ಮಾತ್ರ ಅದು ಒಪ್ಪುತ್ತದೆ.

ಕೊನೆಯ ತಪ್ಪು ದುರಸ್ತಿಯಾದ ದಿನ ಪಟ್ಟಿಯನ್ನು ಮುಚ್ಚಿಡುವುದು. ಸಮೀಕ್ಷೆಯ ಹಾಳೆಯನ್ನು ಮೂರು ತಿಂಗಳಿಗೊಮ್ಮೆ ಅದೇ ಕಂಬಗಳ ನಡುವೆ ಮತ್ತೆ ತುಂಬಬೇಕು, ಕೇಬಲ್ಲಿಗಾಗಿ ರಸ್ತೆ ಅಗೆದವರು ಪಥವನ್ನು ಮೊದಲಿನಂತೆ ಮುಚ್ಚಿದ್ದಾರೆಯೇ ಎಂದು ನೋಡಬೇಕು. ಜೂನ್ ತಿಂಗಳ ಪರಿಶೀಲನೆಯನ್ನಂತೂ ತಪ್ಪಿಸಬಾರದು, ಏಕೆಂದರೆ ಮಳೆಗಾಲಕ್ಕೆ ಮುನ್ನ ಹೂಳೆತ್ತಲು ಎತ್ತಿದ ಚೌಕ ಜಾಲರಿಗಳು ಹಿಂದಿರುಗಿ ಕೂರುವಾಗ, ಅಡ್ಡವಿದ್ದ ಪಟ್ಟಿಗಳು ಮತ್ತೆ ಉದ್ದಕ್ಕೆ ತಿರುಗಿಬಿಟ್ಟಿರುತ್ತವೆ.